ಆಗಸ್ಟ್ 15ಕ್ಕೆ ಮಾಲ್ಟಾಗೆ ಹೋಗುವವರು ಇದನ್ನೊಮ್ಮೆ ಓದಿ

280 ಯೂರೋ ಕೊಟ್ಟು ಒಂದು ಬಾಗಿಲು ನೋಡಿಕೊಂಡು ಬಂದವರು ನಾವು. ಅದರ ಒಳಗೆ ಏನಿದೆ ಅಂತ ಇವತ್ತಿಗೂ ಫೋಟೋದಲ್ಲಷ್ಟೇ ಗೊತ್ತು.

ನಾವಿರುವುದು ಜರ್ಮನಿಯಲ್ಲಿ. ಪುತ್ತೂರಿನಿಂದ ಅಪ್ಪ ಅಮ್ಮ ಬಂದಿದ್ದರು. ಮಾಲ್ಟಾವೂ ಒಂದೇ ವೀಸಾ ಸಾಕಾಗುವ ಯುರೋಪಿನ ದೇಶಗಳ ಗುಂಪಾದ ಷೆಂಗೆನ್‌ನಲ್ಲೇ ಇರುವುದರಿಂದ ಅವರಿಗೆ ಬೇರೆ ವೀಸಾ ಬೇಡ. ನನಗೂ ಆ ವಾರ ರಜೆ ಸಿಕ್ಕಿತು. ಸರಿ, ನಾಲ್ಕೂ ಜನ ಹೊರಟೆವು. ಅಲ್ಲಿ ಆಗಸ್ಟ್ 15 ಏನು ದಿನ ಅಂತ ನಾನು ನೋಡಲೇ ಇಲ್ಲ. ಅದು ನನ್ನ ಮೊದಲ ತಪ್ಪು.

ಎರಡನೆಯದು ಹೈಪೊಜಿಯಂ. ರಾಜಧಾನಿ ವಲೆಟ್ಟಾ ಹತ್ತಿರದ ಪಾವೊಲಾ ಎಂಬ ಊರಲ್ಲಿ, ಮನೆಗಳ ಕೆಳಗೆ, ಬಂಡೆ ಕೊರೆದು ಮಾಡಿದ ಐದು ಸಾವಿರ ವರ್ಷಕ್ಕೂ ಹಳೆಯ ಸಮಾಧಿ ಇದೆ. 1902ರಲ್ಲಿ ಮನೆ ಕಟ್ಟುವಾಗ ಸಿಕ್ಕಿದ್ದು. ಸುಮಾರು 7,000 ಜನರ ಮೂಳೆ ಅಲ್ಲಿತ್ತು ಅಂತ ಅಂದಾಜು. ಜನರ ಉಸಿರಿಗೇ ಒಳಗಿನ ಬಣ್ಣದ ಚಿತ್ರ ಹಾಳಾಗುತ್ತವೆ ಎಂದು ಒಂದು ಸಲಕ್ಕೆ 10 ಜನರನ್ನಷ್ಟೇ ಬಿಡುತ್ತಾರೆ. ಬೇಸಿಗೆಯಲ್ಲಿ ವಾರಗಟ್ಟಲೆ ಮೊದಲೇ ಟಿಕೆಟ್ ಖಾಲಿ. ನಾನು ನೋಡಿದ್ದು ಹೊರಡುವ ಮೂರು ದಿನ ಮೊದಲು!

14ರ ಬೆಳಿಗ್ಗೆ ವಲೆಟ್ಟಾದ ಊರಬಾಗಿಲ ಎದುರು, ಟ್ರೈಟನ್ ಕಾರಂಜಿ ಹತ್ತಿರ ಬಸ್ಸಿಳಿದೆವು. ಕೊರಳಲ್ಲಿ ಕಾರ್ಡು ನೇತುಹಾಕಿಕೊಂಡ ಒಬ್ಬ ಬಂದ. ಒಳ್ಳೆ ಇಂಗ್ಲಿಷ್, ಅಮ್ಮನಿಗೆ ‘ನಮಸ್ತೆ’ ಬೇರೆ. ಹೈಪೊಜಿಯಂಗೆ ಯಾರೋ ಬರಲಿಲ್ಲ, ನಾಲ್ಕು ಟಿಕೆಟ್ ಉಳಿದಿದೆ, ತಲಾ 70 ಯೂರೋ, ನಗದು ಮಾತ್ರ ಅಂದ. ನನ್ನ ಹೆಂಡತಿ ಕಣ್ಣಲ್ಲೇ ಬೇಡ ಅಂದಳು. ಅಪ್ಪ ಅಷ್ಟು ದೂರದಿಂದ ಬಂದಿದ್ದಾರೆ ಅಂತ ನಾನು ಕೊಟ್ಟೆ.

ಬಸ್ಸಲ್ಲಿ ಟಿಕೆಟ್ ಹಿಡಿದು ಕೂತಾಗ ಬೆವರಿನ ಬೆರಳಿಗೆ ಶಾಯಿ ಅಂಟಿತು. ಕ್ಯೂಆರ್ ಕೋಡ್‌ನ ಒಂದು ಮೂಲೆ ಹೆಬ್ಬೆರಳಿಗೆ ಬಂದಿತ್ತು. ಆಗಲೇ ಹೊಟ್ಟೆಯೊಳಗೆ ಏನೋ ಆಯಿತು. ಕೌಂಟರಿನ ಹುಡುಗಿ ಹತ್ತು ಹೆಸರಿನ ಪಟ್ಟಿಯ ಮೇಲೆ ಪೆನ್ನು ಇಳಿಸುತ್ತಾ ಹೋದಳು. ಮತ್ತೆ ಮೇಲಿನಿಂದ ನೋಡಿದಳು. ನಮ್ಮ ಹೆಸರು ಇಲ್ಲ. ‘ಈ ವಾರ ನೀವೇ ಮೊದಲಲ್ಲ’ ಅಂತ ಪಾಪ ನಮಗೆ ನೀರು ಕೊಟ್ಟಳು. ಪೊಲೀಸರಲ್ಲಿ ದೂರು ಬರೆಸಿದೆವು. ದುಡ್ಡಂತೂ ಬರಲಿಲ್ಲ.

ಟಿಕೆಟ್ ಬೇಕಾದರೆ ಅಲ್ಲಿನ ಸ್ಮಾರಕಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಹೆರಿಟೇಜ್ ಮಾಲ್ಟಾದ ವೆಬ್‌ಸೈಟಿನಲ್ಲೇ ತಗೊಳ್ಳಿ. ತಪ್ಪಿದರೆ, ಕೆಲವು ಟಿಕೆಟ್ ಹಿಂದಿನ ದಿನ ವಲೆಟ್ಟಾದ ಸೇಂಟ್ ಎಲ್ಮೋ ಕೋಟೆಯ ಕೌಂಟರಿನಲ್ಲಿ ಮಾರುತ್ತಾರೆ, ಬೇಗ ಹೋಗಿ ನಿಲ್ಲಬೇಕು. ಆರು ವರ್ಷದ ಒಳಗಿನ ಮಕ್ಕಳನ್ನು ಬಿಡುವುದಿಲ್ಲ. ಇನ್ನು ಗೈಡ್ ಆಗಲು ಅಲ್ಲಿ ಸರ್ಕಾರಿ ಲೈಸೆನ್ಸ್ ಬೇಕು. ಕಾರ್ಡು ಕೈಗೆ ತಗೊಂಡು ಓದಿ, ನಾಚಿಕೆ ಬೇಡ. ನಾನು ನಾಚಿಕೊಂಡೆ.

ಮರುದಿನ 15. ವಲೆಟ್ಟಾದ ಸೇಂಟ್ ಜಾನ್ಸ್ ಕೆಥೆಡ್ರಲ್‌ಗೆ ಹೋದರೆ ಬಾಗಿಲು ಹಾಕಿದೆ. ಅಂದು ಸಾಂತಾ ಮರಿಯಾ, ಮೇರಿ ಮಾತೆ ಸ್ವರ್ಗಕ್ಕೇರಿದ ಹಬ್ಬ, ದೇಶಕ್ಕೆಲ್ಲ ರಜೆ. ಭಾನುವಾರ, ಸರ್ಕಾರಿ ರಜೆಗಳಲ್ಲಿ ಅಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲ. 16ಕ್ಕೆ ಮತ್ತೆ ಹೋದೆವು. ಆಗ ಹೆಂಡತಿಯ ಚೂಪು ಹೀಲ್ಸ್ ನೋಡಿ ತಡೆದರು. ನೆಲದ ತುಂಬ, ಹಿಂದೆ ಮಾಲ್ಟಾ ಆಳಿದ ಕ್ರೈಸ್ತ ಯೋಧರಾದ ನೈಟ್‌ಗಳ ಅಮೃತಶಿಲೆ ಸಮಾಧಿಗಳು, ಸುಮಾರು 400. ಅವುಗಳ ಮೇಲೆ ಹೀಲ್ಸ್ ಒತ್ತಬಾರದಂತೆ, ನ್ಯಾಯವೇ. ಭುಜ, ಮಂಡಿ ಮುಚ್ಚಿರಬೇಕು. ಸೀರೆ ಉಟ್ಟ ಅಮ್ಮ ರಾಣಿಯ ಹಾಗೆ ಒಳಗೆ ಹೋದರು. ಇಟಲಿಯ ಚಿತ್ರಕಾರ ಕಾರವಾಜಿಯೊ 1608ರಲ್ಲಿ ಬರೆದ ದೊಡ್ಡ ಚಿತ್ರದ ಮುಂದೆ ಅವರು ಎಷ್ಟು ಹೊತ್ತು ನಿಂತರೆಂದರೆ, 280 ಯೂರೋ ಸ್ವಲ್ಪ ಮರೆತೇಹೋಯಿತು.

15ರ ಸಂಜೆ ಮೊಸ್ಟಾ ಎಂಬ ಊರಿಗೆ ಹೋಗಿದ್ದೆವು. ಅಲ್ಲಿನ ಚರ್ಚಿನ ಗುಮ್ಮಟಕ್ಕೆ ಎರಡನೇ ಮಹಾಯುದ್ಧದಲ್ಲಿ, 1942ರ ಏಪ್ರಿಲ್ 9ರಂದು ಜರ್ಮನ್ ಬಾಂಬು ಬಿತ್ತು. ಒಳಗೆ ಸುಮಾರು 300 ಜನ ಇದ್ದರು. ಅದು ಸಿಡಿಯಲಿಲ್ಲ. ಅದೇ ವರ್ಷ ಆಗಸ್ಟ್ 15ಕ್ಕೆ, ಯುದ್ಧದ ಮುತ್ತಿಗೆಯಿಂದ ದ್ವೀಪ ಉಪವಾಸ ಬೀಳುವ ಹೊತ್ತಿಗೆ, ಒಹಾಯೊ ಎಂಬ ತೈಲದ ಹಡಗು ಜಖಂಗೊಂಡೇ ಬಂದರಿಗೆ ಸೇರಿತು. ಹಾಗಾಗಿ ಅವರಿಗೆ ಈ ಹಬ್ಬ ಸುಮ್ನೆ ರಜೆಯಲ್ಲ. ಗಂಡಸರು ಮಾತೆಯ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಬಂದಾಗ ಅಮ್ಮ ‘ನಮ್ಮ ಮಹಾಲಿಂಗೇಶ್ವರನ ಜಾತ್ರೆಯೇ ಅಲ್ವಾ’ ಅಂದರು. ಗರ್ನಾಲೂ (ಸಿಡಿಮದ್ದು) ಹಾಗೇ. ಒಂದೇ ಸಮ. ಅಪ್ಪ ಹಿಯರಿಂಗ್ ಏಡ್ ಕಿತ್ತು ಜೇಬಿಗೆ ಹಾಕಿಕೊಂಡವರು ಆಮೇಲೆ ಯಾರು ಏನು ಕೇಳಿದರೂ ನಗುತ್ತಿದ್ದರು.

ತೊಂದರೆ ಆಗಿದ್ದು ವಾಪಸ್ ಬರುವಾಗ. ಊರ ಮಧ್ಯದ ರಸ್ತೆ ಬಂದ್, ಬಸ್ಸು ಬೇರೆ ದಾರಿಯಲ್ಲಿ. ಯಾವ ಸ್ಟಾಪಿಗೆ ಹೋಗಬೇಕೋ ಗೊತ್ತಿಲ್ಲ. ಅಮ್ಮನ ಮಂಡಿ ಕೈಕೊಟ್ಟಿತು. ಮನೆ ಬಾಗಿಲಲ್ಲಿ ಕೂತಿದ್ದ ಒಬ್ಬ ಅಜ್ಜಿ ತನ್ನ ಕುರ್ಚಿ ಬಿಟ್ಟುಕೊಟ್ಟು, ಖರ್ಜೂರ ತುಂಬಿ ಕರಿದ ಬಿಸಿ ತಿಂಡಿ ಕೈಗಿಟ್ಟರು. ಟ್ಯಾಕ್ಸಿ ಸಿಕ್ಕಿದ್ದು ರಾತ್ರಿ ಹನ್ನೆರಡೂವರೆಗೆ, ಬಂದದ್ದರ ಮೂರು ಪಟ್ಟು ಬಾಡಿಗೆಗೆ.

ವಯಸ್ಸಾದವರ ಜೊತೆ ಆ ಹಬ್ಬಕ್ಕೇ ಹೋಗುವುದಾದರೆ ಮೊಸ್ಟಾದಲ್ಲೇ ನಡೆದು ಹೋಗುವಷ್ಟು ಹತ್ತಿರ ರೂಮು ಮಾಡಿ. ಬೆಳಿಗ್ಗೆ ಬೇಗನೇ ಗರ್ನಾಲು ಶುರು, ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿ.