ಒಂಬತ್ತನೆಯ ಬಾವಿಗೆ ಎರಡು ವರದಿ: ಐಸೊಟೋಪ್ ನೀರು ಪರೀಕ್ಷಾ ಸೇವೆಯ ಅನುಭವ

ಅಂಕಿಗಳಿಗಾಗಿ ಈ ಪ್ರಯೋಗಾಲಯಕ್ಕೆ ನಿಶ್ಚಿಂತೆಯಿಂದ ಮಾದರಿ ಕಳಿಸಬಹುದು. ಅಂಕಿಗಳ ಕೆಳಗೆ ಅವರು ಬರೆದುಕೊಡುವ ತೀರ್ಮಾನವನ್ನು ಮಾತ್ರ ಎರಡು ಸಲ ಓದಬೇಕು. ಒಂದು ಸಣ್ಣ ನೀರು ಪೂರೈಕೆ ಯೋಜನೆಯಲ್ಲಿ ನೀರಿನ ಗುಣಮಟ್ಟ ನೋಡಿಕೊಳ್ಳುವ ರಸಾಯನ ವಿಜ್ಞಾನಿ ನಾನು. 11 ಬಾವಿಗಳು, ಅವುಗಳ ಮಗ್ಗುಲಲ್ಲಿ ಒಂದು ಕೆರೆ, ಇಷ್ಟು ನನ್ನ ಪಾಲಿನ ಜವಾಬ್ದಾರಿ. ಕಳೆದ ಒಂದು ವರ್ಷದಲ್ಲಿ ಮೂರು ಕಂತುಗಳಲ್ಲಿ ಇವುಗಳ ನೀರನ್ನು ಐಸೊಟೋಪ್ ಪರೀಕ್ಷೆಗೆ ಕಳಿಸಿದ್ದೇನೆ. ಪ್ರಯೋಗಾಲಯದ ಹೆಸರು ಬರೆಯುತ್ತಿಲ್ಲ. ಅವರಿಂದಾದ ತಪ್ಪನ್ನು ಅವರೇ ತಿದ್ದಿದ್ದಾರೆ, ಅದೇ ತಪ್ಪು ಬೇರೆ ಕಡೆಯೂ ಆಗಬಹುದಾದದ್ದು.

ಹಿನ್ನೆಲೆ ಇಷ್ಟು. ನಮ್ಮ ಕೆಲವು ಬಾವಿಗಳಲ್ಲಿ ನೈಟ್ರೇಟ್ ಏರುತ್ತಿತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಎರಡನೆಯ ಬಾವಿಯಲ್ಲಿ 68, ಐದನೆಯದರಲ್ಲಿ 74 ಬಂದಿತ್ತು. ಹೊಲಗಳ ರಸಗೊಬ್ಬರವೇ ಕಾರಣ ಎಂದು ಮನೆಗಳವರು, ಮನೆಗಳ ಶೌಚಗುಂಡಿಗಳೇ ಕಾರಣ ಎಂದು ಹೊಲದವರು. ಸಾಮಾನ್ಯ ರಾಸಾಯನಿಕ ಪರೀಕ್ಷೆ ಎಷ್ಟಿದೆ ಎಂದು ಹೇಳುತ್ತದೆ, ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಸಭೆಗಳಲ್ಲಿ ನಾನು ಪ್ರತಿ ಸಲವೂ ಅದೇ ಸಂಖ್ಯೆಗಳನ್ನು ಓದಿ ಕುಳಿತುಕೊಳ್ಳುತ್ತಿದ್ದೆ. ಅದು ನನಗೆ ತೀರಾ ನೋವಿನ ವಿಷಯವಾಗಿತ್ತು.

ಐಸೊಟೋಪ್ ವಿಧಾನದ ಮೂಲ ಸರಳವಾದದ್ದು. ಒಂದೇ ಮೂಲಧಾತುವಿನ ಪರಮಾಣುಗಳಲ್ಲಿ ಕೆಲವು ತುಸು ಭಾರ, ಹೀಗೆ ತೂಕ ಬೇರೆಯಾದ ರೂಪಗಳೇ ಐಸೊಟೋಪ್‌ಗಳು. ಸಮುದ್ರದ ನೀರಿನಲ್ಲಿ ಸುಮಾರು 500 ಆಮ್ಲಜನಕ ಪರಮಾಣುಗಳಿಗೆ ಒಂದು ಆಮ್ಲಜನಕ-18. ನೀರು ಆವಿಯಾಗುವಾಗ ಹಗುರ ಅಣುಗಳು ಮೊದಲು ಹಾರುತ್ತವೆ, ಮಳೆಯಾಗುವಾಗ ಭಾರದವು ಮೊದಲು ಉದುರುತ್ತವೆ. ಹೀಗಾಗಿ ಪ್ರತಿ ನೀರಿಗೂ ಅದು ಬಂದ ದಾರಿಯ ಗುರುತು ಅಂಟಿಕೊಂಡಿರುತ್ತದೆ. ಗೊತ್ತುಪಡಿಸಿದ ಮಾನದಂಡಕ್ಕಿಂತ ಭಾರದ ಪರಮಾಣು ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದನ್ನು ಮೌಲ್ಯ ಎನ್ನುತ್ತಾರೆ. ಜಗತ್ತಿನ ಮಳೆನೀರಿನಲ್ಲಿ ಡ್ಯೂಟೀರಿಯಂ, ಅಂದರೆ ಭಾರದ ಜಲಜನಕದ ಮೌಲ್ಯವು ಆಮ್ಲಜನಕ-18ರ ಮೌಲ್ಯದ 8 ಪಟ್ಟಿಗೆ 10 ಕೂಡಿಸಿದಷ್ಟಿರುತ್ತದೆ ಎಂದು ಹಾರ್ಮನ್ ಕ್ರೇಗ್ 1961ರಲ್ಲಿ ತೋರಿಸಿದರು. ನಕ್ಷೆಯಲ್ಲಿ ಬರೆದರೆ ಅದೊಂದು ನೇರ ಗೆರೆ. ಆ ಗೆರೆಯ ಮೇಲೆ ಕುಳಿತ ನೀರು ಮಳೆಯಿಂದ ನೇರ ಇಳಿದದ್ದು. ಗೆರೆಯಿಂದ ಬಲಕ್ಕೆ ಜಾರಿದ್ದು ಎಲ್ಲೋ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದ ನೀರು.

ಈಗ ಸೇವೆಯ ವಿಷಯ. ಬಾಟಲಿಗಳ ಪೆಟ್ಟಿಗೆ ಬಂದ ದಿನವೇ ನನಗೆ ಇವರ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡಿತು. ಪರೀಕ್ಷೆಗೊಂದರಂತೆ ಬೇರೆ ಬೇರೆ ಬಾಟಲಿ, ಪ್ರತಿಯೊಂದರ ಮೇಲೂ ಏನು ಮಾಡಬೇಕು ಎಂಬ ಚೀಟಿ. ಆಮ್ಲಜನಕ ಮತ್ತು ಡ್ಯೂಟೀರಿಯಂಗೆ ಚಿಕ್ಕ ದಪ್ಪ ಪ್ಲಾಸ್ಟಿಕ್ ಬಾಟಲಿ, ಬಾಯಿಯವರೆಗೆ ತುಂಬಿ ಗಾಳಿಗುಳ್ಳೆ ಉಳಿಯದಂತೆ ಮುಚ್ಚಬೇಕು. ನೈಟ್ರೇಟಿಗೆ 0.45 ಮೈಕ್ರಾನ್ ಸೋಸುಕದಲ್ಲಿ ಸೋಸಿ, ಹಿಗ್ಗಲು ಜಾಗ ಬಿಟ್ಟು, ಹೆಪ್ಪುಗಟ್ಟಿಸಿ ಕಳಿಸಬೇಕು. ಇಲ್ಲವಾದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಉತ್ತರವನ್ನು ಬದಲಿಸಿಬಿಡುತ್ತವೆ. ನೀರಿನ ವಯಸ್ಸು ತಿಳಿಯಲು ಅಳೆಯುವ ಟ್ರಿಟಿಯಂಗೆ, ಅಂದರೆ ಜಲಜನಕದ ವಿಕಿರಣಶೀಲ ಐಸೊಟೋಪಿಗೆ, ಒಂದು ಲೀಟರ್. ಅದರ ಚೀಟಿಯಲ್ಲಿ ಒಂದು ಸಾಲು ಇತ್ತು: ಕತ್ತಲೆಯಲ್ಲಿ ಹೊಳೆಯುವ ಮುಳ್ಳಿನ ಕೈಗಡಿಯಾರ ಕಟ್ಟಿಕೊಂಡು ಮಾದರಿ ತೆಗೆಯಬೇಡಿ. ಅಂಥ ಕೆಲವು ಗಡಿಯಾರಗಳಲ್ಲಿ ಟ್ರಿಟಿಯಂ ಇರುತ್ತದೆ, ಅದರ ಸೋರಿಕೆ ಸಾಕು ಮಾದರಿ ಕೆಡಲು. ಇಷ್ಟು ಸೂಕ್ಷ್ಮವನ್ನು ಯೋಚಿಸಿ ಬರೆದವರು ಕೆಲಸವನ್ನು ಪ್ರೀತಿಸುವವರು ಎಂದುಕೊಂಡೆ. ಬಾವಿಯಲ್ಲಿ ನಿಂತ ನೀರನ್ನು ಹೊರಹಾಕಿ, ವಿದ್ಯುತ್ ವಾಹಕತೆಯೂ ತಾಪಮಾನವೂ ಸ್ಥಿರವಾದ ಮೇಲೆಯೇ ಬಾಟಲಿ ಹಿಡಿಯಿರಿ ಎಂದೂ ಬರೆದಿದ್ದರು. ನಮ್ಮ ಪಂಪ್ ನೋಡಿಕೊಳ್ಳುವ ಹಿರಿಯರು ಪ್ರತಿ ಬಾವಿಯ ಬಳಿ ತಾಳ್ಮೆಯಿಂದ ನಿಂತು ನೀರು ಹರಿಸಿದರು. ಅವರಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ.

ಪ್ರಯೋಗಾಲಯ ಯಾವುದೇ ಆಗಲಿ, ನಾನು ಒಂದೇ ನೀರನ್ನು ಎರಡು ಬೇರೆ ಸಂಖ್ಯೆಗಳಲ್ಲಿ ಕಳಿಸುತ್ತೇನೆ. ಎರಡನೆಯ ಬಾವಿಯ ಜೋಡಿ ಬಾಟಲಿಗಳ ಆಮ್ಲಜನಕ ಮೌಲ್ಯಗಳಲ್ಲಿ 0.04, ಡ್ಯೂಟೀರಿಯಂನಲ್ಲಿ 0.5ರಷ್ಟು ಮಾತ್ರ ವ್ಯತ್ಯಾಸ ಬಂತು. ಐಸೊಟೋಪ್ ಅಳೆಯುವ ಲೇಸರ್ ಯಂತ್ರದಲ್ಲಿ ಹಿಂದಿನ ಮಾದರಿಯ ಶೇಷ ಮುಂದಿನದಕ್ಕೆ ಅಂಟುತ್ತದೆ. ಅದಕ್ಕಾಗಿ ಪ್ರತಿ ಮಾದರಿಯನ್ನು ಯಂತ್ರಕ್ಕೆ ಹಲವು ಸಲ ಸೂಜಿಯಿಂದ ಹಾಕಿ ಮೊದಲ ಓದುಗಳನ್ನು ಬಿಡಬೇಕಾಗುತ್ತದೆ. ಇವರು ಅದನ್ನು ಶ್ರದ್ಧೆಯಿಂದ ಮಾಡುತ್ತಾರೆ ಎಂಬುದಕ್ಕೆ ಇದೇ ಸಾಕ್ಷಿ. ಏಳನೆಯ ಬಾವಿಯ ಜೋಡಿಯಲ್ಲಿ ಮಾತ್ರ ಆಮ್ಲಜನಕ 1.1, ಡ್ಯೂಟೀರಿಯಂ 5.6ರಷ್ಟು ದೂರ ಸರಿದಿದ್ದವು. ಒಂದರ ಏರಿಕೆ ಇನ್ನೊಂದರ ಐದು ಪಟ್ಟು ಎಂದರೆ ಅದು ಆವಿಯಾಗುವಿಕೆಯ ಲಕ್ಷಣ. ಕೇಳಿದಾಗ ಅವರು ಬಾಟಲಿಯನ್ನು ಹುಡುಕಿ ತೆಗೆದು ನೋಡಿದರು. ಮುಚ್ಚಳದ ಒಳಪದರ ಸೀಳಿತ್ತು, ನೀರು ಕುಗ್ಗಿತ್ತು. ಹಾಗೆಂದು ಲಿಖಿತವಾಗಿ ಒಪ್ಪಿಕೊಂಡು ಹೊಸ ಬಾಟಲಿ ಕಳಿಸಿ ಮತ್ತೆ ಪರೀಕ್ಷಿಸಿದರು. ಪೆಟ್ಟಿಗೆಯಲ್ಲಿ ಮುಚ್ಚಳಗಳನ್ನು ಮೊದಲೇ ನೋಡಿ ಹಾಕಬೇಕಿತ್ತು ಎಂಬ ನನ್ನ ದೂರು ಹಾಗೆಯೇ ಇದೆ.

ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಕೆರೆಯ ಪಕ್ಕದ ನಾಲ್ಕನೆಯ ಬಾವಿಯ ಫಲಿತಾಂಶ. ಕೆರೆಯಿಂದ ದೂರವಿರುವ ಬಾವಿಗಳು ಆಮ್ಲಜನಕದಲ್ಲಿ ಸಾವಿರಕ್ಕೆ −5.0, ಡ್ಯೂಟೀರಿಯಂನಲ್ಲಿ −30ರ ಸುತ್ತ, ಮಳೆಯ ಗೆರೆಯ ಮೇಲೆಯೇ ಇದ್ದವು. ಬಿಸಿಲಿನಲ್ಲಿ ಕುಗ್ಗಿದ ಕೆರೆ +1.0 ಮತ್ತು 0. ನಾಲ್ಕನೆಯ ಬಾವಿ −2.6 ಮತ್ತು −18, ಇವೆರಡರ ನಡುವಿನ ನೇರ ಗೆರೆಯ ಮೇಲೆ. ಲೆಕ್ಕ ಹಾಕಿದರೆ ಆ ಬಾವಿಯ ನೀರಿನಲ್ಲಿ ಸುಮಾರು ಶೇ. 40 ಕೆರೆಯದು. ಕೆರೆಯ ಮೌಲ್ಯ ಋತುವಿನೊಂದಿಗೆ ಬದಲಾಗುವುದರಿಂದ ಈ 40 ಕದಲದ ಸಂಖ್ಯೆಯಲ್ಲ, ಅದನ್ನು ವರದಿಯೂ ಹೇಳಿದೆ. ಆದರೂ ಕೆರೆಗೂ ಬಾವಿಗೂ ಸಂಬಂಧವಿಲ್ಲ ಎಂಬ ಹಳೆಯ ವಾದ ಅಲ್ಲಿಗೆ ನಿಂತಿತು. ಕೆರೆಯಲ್ಲಿ ಪಾಚಿ ಹಬ್ಬಿದಾಗ ಆ ಬಾವಿಯನ್ನೂ ಪರೀಕ್ಷಿಸುವ ಪದ್ಧತಿ ಈಗ ನಮ್ಮಲ್ಲಿದೆ.

ಟ್ರಿಟಿಯಂ ಫಲಿತಾಂಶಕ್ಕೆ ಮೂರು ತಿಂಗಳು ಕಾಯಬೇಕಾಯಿತು. ಮಾದರಿಯನ್ನು ವಿದ್ಯುದ್ವಿಭಜನೆಯಿಂದ ಸಾಂದ್ರಗೊಳಿಸಿ ದೀರ್ಘಕಾಲ ಎಣಿಸಬೇಕಾದ ಪರೀಕ್ಷೆ ಅದು, ತಡಕ್ಕೆ ನನ್ನ ಆಕ್ಷೇಪವಿಲ್ಲ. 1950ರ ದಶಕದಿಂದ ನಡೆದ ಜಲಜನಕ ಬಾಂಬ್ ಪರೀಕ್ಷೆಗಳು ವಾತಾವರಣಕ್ಕೆ ಟ್ರಿಟಿಯಂ ತುಂಬಿದವು, ಮಳೆಯಲ್ಲಿ ಅದು 1963ರ ಹೊತ್ತಿಗೆ ತುತ್ತತುದಿ ಮುಟ್ಟಿತು. ಅರ್ಧಾಯುಷ್ಯ 12.32 ವರ್ಷ. ನಮ್ಮ ಅತಿ ಆಳದ ಹನ್ನೊಂದನೆಯ ಬಾವಿಯಲ್ಲಿ ಯಂತ್ರಕ್ಕೆ ಸಿಗುವಷ್ಟು ಟ್ರಿಟಿಯಂ ಇರಲಿಲ್ಲ. ಹಾಗಾದರೆ ಅದರ ವಯಸ್ಸು ಎಷ್ಟು, ಒಂದು ಸಂಖ್ಯೆ ಬರೆದುಕೊಡಿ ಎಂದು ನಾನು ಒತ್ತಾಯಿಸಿದೆ. ಅವರು ಬರೆಯಲಿಲ್ಲ. "ಮೇಡಂ, ಇದರ ಬಹುಪಾಲು 1950ಕ್ಕಿಂತ ಹಿಂದೆ ಬಿದ್ದ ಮಳೆ ಎನ್ನುವವರೆಗೆ ಮಾತ್ರ ಟ್ರಿಟಿಯಂ ನಮ್ಮನ್ನು ಕರೆದೊಯ್ಯುತ್ತದೆ. ಅದರಾಚೆಗೆ ಇಂಗಾಲ-14 ಬೇಕು, ಅದಕ್ಕೂ ಬಂಡೆಯ ಸುಣ್ಣದಿಂದ ಬೆರೆತ ಹಳೆಯ ಇಂಗಾಲದ ತಿದ್ದುಪಡಿ ಬೇಕು" ಎಂದರು. ಆ ನಿರಾಕರಣೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆ ಬಾವಿಯ ಪಂಪನ್ನು ಈಗ ಬೇಸಿಗೆಯ ಕೊರತೆಗೆ ಮಾತ್ರ ಮೀಸಲಿಟ್ಟಿದ್ದೇವೆ, ಅಲ್ಲಿಂದ ಎತ್ತಿದ್ದು ನಮ್ಮ ಕಾಲದಲ್ಲಿ ಮರಳಿ ತುಂಬುವ ನೀರಲ್ಲ.

ಇಷ್ಟು ಎಚ್ಚರವಿರುವ ಸಂಸ್ಥೆಯೇ ನೈಟ್ರೇಟ್ ವರದಿಯಲ್ಲಿ ಎಡವಿದ್ದು ನನ್ನನ್ನು ಕಂಗೆಡಿಸಿತು.

ನೈಟ್ರೇಟಿನ ಸಾರಜನಕ-15 ಮತ್ತು ಆಮ್ಲಜನಕ-18 ಎರಡನ್ನೂ ಅಳೆದು, ಒಂದು ನಕ್ಷೆಯ ಮೇಲೆ ಚುಕ್ಕೆ ಇಡುತ್ತಾರೆ. ನಕ್ಷೆಯಲ್ಲಿ ಮೂಲಕ್ಕೊಂದು ಚೌಕ: ಗಾಳಿಯ ಸಾರಜನಕದಿಂದ ಕಾರ್ಖಾನೆಯಲ್ಲಿ ತಯಾರಾದ ರಸಗೊಬ್ಬರ ಸೊನ್ನೆಯ ಹತ್ತಿರ, ಮಣ್ಣಿನದು ಸ್ವಲ್ಪ ಮೇಲೆ, ಮಲಮೂತ್ರ ಮತ್ತು ಸಗಣಿಗೊಬ್ಬರದ್ದು ಹತ್ತು, ಹದಿನೈದು, ಇಪ್ಪತ್ತು ದಾಟಿಯೂ; ಅಮೋನಿಯಾ ಆವಿಯಾಗಿ ಹೋಗುವಾಗ ಹಗುರ ಸಾರಜನಕವನ್ನು ಕೊಂಡೊಯ್ಯುವುದರಿಂದ ಅದು ಭಾರ. ಒಂಬತ್ತನೆಯ ಬಾವಿಯ ಸಾರಜನಕ ಮೌಲ್ಯ +22 ಬಂದಿತ್ತು. ಮೊದಲ ವರದಿಯ ಕೊನೆಯ ಕಾಲಂನಲ್ಲಿ ಒಂದೇ ಸಾಲು: "ಮೂಲ: ಒಳಚರಂಡಿ ಅಥವಾ ಸಗಣಿಗೊಬ್ಬರ." ಒಂಬತ್ತನೆಯ ಬಾವಿಯ ಸುತ್ತ ಹತ್ತು ಹನ್ನೆರಡು ಮನೆಗಳಿವೆ. ಆ ಸಾಲು ಸಭೆಗೆ ಹೋಗಿದ್ದರೆ ಆ ಮನೆಗಳವರು ಎಲ್ಲರ ಮುಂದೆ ತಲೆ ತಗ್ಗಿಸಬೇಕಾಗುತ್ತಿತ್ತು.

ನಾನು ಆ ರಾತ್ರಿ ಕ್ಷೇತ್ರದ ಟಿಪ್ಪಣಿ ಪುಸ್ತಕ ತೆರೆದು ಕುಳಿತೆ. ಒಂಬತ್ತರಲ್ಲಿ ನೈಟ್ರೇಟ್ ಲೀಟರಿಗೆ 9 ಮಿಲಿಗ್ರಾಂ ಮಾತ್ರ, ಎಲ್ಲ ಬಾವಿಗಳಿಗಿಂತ ಕಡಿಮೆ. ಕರಗಿದ ಆಮ್ಲಜನಕ 0.4. ಪಂಪಿನ ಕೊಳವೆಯ ಬಾಯಿಯಲ್ಲಿ ಕೆಂಪು ಕಬ್ಬಿಣದ ಕಿಟ್ಟ. ಉಸಿರಾಡಲು ಆಮ್ಲಜನಕವಿಲ್ಲದ ನೆಲದಾಳದಲ್ಲಿ ಬ್ಯಾಕ್ಟೀರಿಯಾ ನೈಟ್ರೇಟನ್ನೇ ಬಳಸಿ ಅದನ್ನು ಸಾರಜನಕ ಅನಿಲವಾಗಿಸುತ್ತವೆ. ಅವು ಹಗುರವಾದದ್ದನ್ನು ಮೊದಲು ಆರಿಸುತ್ತವೆ, ಉಳಿದ ನೈಟ್ರೇಟ್ ಭಾರವಾಗುತ್ತ ಹೋಗುತ್ತದೆ. ನೀರು ಹರಿಯುವ ದಿಕ್ಕಿನಲ್ಲಿ ಎರಡು, ಆರು, ಒಂಬತ್ತು ಒಂದೇ ಸಾಲಿನಲ್ಲಿವೆ. ನೈಟ್ರೇಟ್ 68, 31, 9 ಎಂದು ಇಳಿಯುತ್ತದೆ. ಸಾರಜನಕ ಮೌಲ್ಯ +4, +11, +22 ಎಂದು ಏರುತ್ತದೆ. ಅದರ ಜೊತೆಗೆ ಆಮ್ಲಜನಕ ಮೌಲ್ಯ +3, +6.5, +12. ಸಾರಜನಕ ಎರಡು ಹೆಜ್ಜೆ ಏರಿದರೆ ಆಮ್ಲಜನಕ ಒಂದು ಹೆಜ್ಜೆ: ಅಂತರ್ಜಲದಲ್ಲಿ ನೈಟ್ರೇಟ್ ಹೀಗೆ ಅನಿಲವಾಗಿ ಇಲ್ಲವಾಗುವಾಗ ಹೆಚ್ಚಾಗಿ ಕಾಣುವ ನಡೆ ಇದು. ಬೇರೆ ನೀರು ಬೆರೆತು ತೆಳುವಾಗಿದ್ದರೆ ಕ್ಲೋರೈಡೂ ಇಳಿಯಬೇಕಿತ್ತು. ಮೂರೂ ಕಡೆ ಅದು ಹೆಚ್ಚುಕಡಿಮೆ ಒಂದೇ. ಒಂಬತ್ತನೆಯ ಬಾವಿಗೆ ಬಂದು ಸೇರಿದ ನೈಟ್ರೇಟ್ ಎರಡನೆಯ ಬಾವಿಯ ಕಡೆಯದೇ, ದಾರಿಯಲ್ಲಿ ನೆಲವೇ ಅದನ್ನು ಬಹುಪಾಲು ಶುದ್ಧಮಾಡಿತ್ತು. ಅದನ್ನು ಗ್ರಹಿಸಿದಾಗ ನನಗಾದ ಸಂತೋಷ ದೊಡ್ಡದು.

ಇದನ್ನೆಲ್ಲ ಬರೆದು ಕಳಿಸಿದೆ. ಎರಡು ದಿನಗಳಲ್ಲಿ ಅಲ್ಲಿನ ಹಿರಿಯ ವಿಜ್ಞಾನಿಯೊಬ್ಬರು ಫೋನ್ ಮಾಡಿದರು. ಮೂಲದ ಕಾಲಂ ಚುಕ್ಕೆ ಬಿದ್ದ ಚೌಕವನ್ನು ನೋಡಿ ತಾನಾಗಿ ತುಂಬಿಕೊಳ್ಳುತ್ತದೆ, ನೈಟ್ರೇಟ್ ಪ್ರಮಾಣವನ್ನಾಗಲಿ ಕರಗಿದ ಆಮ್ಲಜನಕವನ್ನಾಗಲಿ ಅದು ನೋಡುವುದಿಲ್ಲ ಎಂದು ಒಪ್ಪಿಕೊಂಡರು. ನಾವು ಚೀಟಿಯಲ್ಲಿ ಬರೆದು ಕಳಿಸಿದ್ದ ಕ್ಷೇತ್ರದ ಅಂಕಿಗಳನ್ನು ಯಾರೂ ಓದಿಯೇ ಇರಲಿಲ್ಲ. ಎರಡನೆಯ ವರದಿ ಸರಿಯಾಗಿ ಬಂತು, ಆ ಕಾಲಂ ಈಗ ಅವರ ಯಾವ ವರದಿಯಲ್ಲೂ ಇಲ್ಲವಂತೆ. ತಿದ್ದಿದ್ದಕ್ಕೆ ಕೃತಜ್ಞತೆಯಿದೆ. ಆದರೆ ಪ್ರಶ್ನೆ ಕೇಳುವ ಅಭ್ಯಾಸವಿಲ್ಲದ ಕಚೇರಿಗೆ ಮೊದಲ ವರದಿ ಹೋಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಐದನೆಯ ಬಾವಿಯ ಉತ್ತರ ಅರ್ಧ ಮಾತ್ರ ಸಿಕ್ಕಿದೆ. ಅಲ್ಲಿ +14, ಕರಗಿದ ಆಮ್ಲಜನಕ ಸಾಕಷ್ಟು, ಕ್ಲೋರೈಡ್ ಹೆಚ್ಚು. ರಸಗೊಬ್ಬರ ಮುಖ್ಯ ಕಾರಣವಲ್ಲ ಎನ್ನಬಹುದು. ಮನುಷ್ಯರದೋ ದನಕರುಗಳದೋ ಎಂದು ಸಾರಜನಕ ಬೇರ್ಪಡಿಸುವುದಿಲ್ಲ, ಎರಡರ ಚೌಕವೂ ಒಂದೇ. ಬೋರಾನ್ ಐಸೊಟೋಪ್ ಸೇರಿಸಿದರೆ ಮಾರ್ಜಕ ಪುಡಿಗಳ ಬೋರಾನಿನಿಂದ ಒಳಚರಂಡಿಯ ಗುರುತು ಹಿಡಿಯುವ ಅವಕಾಶವಿದೆ, ಆದರೆ ಆ ಪರೀಕ್ಷೆ ಇವರಲ್ಲಿಲ್ಲ. ಇಲ್ಲ ಎಂದು ಮೊದಲ ದಿನವೇ ಹೇಳಿದ್ದರು.

ಯಾರಿಗೆ ಈ ಸೇವೆ ಸರಿ? ಕೇಳಬೇಕಾದ ಪ್ರಶ್ನೆ ಸ್ಪಷ್ಟವಾಗಿದ್ದವರಿಗೆ. ಈ ನೀರು ಕುಡಿಯಬಹುದೇ ಎಂಬುದು ಪ್ರಶ್ನೆಯಾದರೆ ಇದು ಬೇಡ, ಸಾಮಾನ್ಯ ಪರೀಕ್ಷೆ ಮತ್ತು ಬ್ಯಾಕ್ಟೀರಿಯಾ ಪರೀಕ್ಷೆ ಸಾಕು. ಮಾದರಿಯ ಜೊತೆ ನೈಟ್ರೇಟ್, ಕ್ಲೋರೈಡ್, ಕರಗಿದ ಆಮ್ಲಜನಕ ಅಳೆದಿಟ್ಟುಕೊಳ್ಳದೆ ಕಳಿಸುವುದೂ ಬೇಡ. ಅವಿಲ್ಲದೆ ನಾನು ಒಂಬತ್ತನೆಯ ಬಾವಿಯ ಪರವಾಗಿ ಒಂದು ಮಾತೂ ಆಡಲಾಗುತ್ತಿರಲಿಲ್ಲ. ವರದಿಯ ಪ್ರತಿ ಸಂಖ್ಯೆಯ ಮುಂದೆಯೂ ಅನಿಶ್ಚಿತತೆ ಬರೆಯಬೇಕೆಂಬ ನನ್ನ ಕೋರಿಕೆ ಇನ್ನೂ ಬಾಕಿಯಿದೆ, ಸದ್ಯಕ್ಕೆ ಅದು ಕೊನೆಯ ಪುಟದ ಅಡಿಯಲ್ಲಿ ಒಟ್ಟಾಗಿ ಬರುತ್ತದೆ.

ನಮ್ಮ ಮಳೆಯದೇ ಗೆರೆ ನಮ್ಮಲ್ಲಿರಲಿಲ್ಲ. ಜಾಗತಿಕ ಗೆರೆಯನ್ನೇ ನಂಬಿ ಮೇಲಿನ ಲೆಕ್ಕಗಳನ್ನು ಮಾಡಿದ್ದು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಹವಾಮಾನ ಸಂಸ್ಥೆ 1961ರಿಂದ ಜಗತ್ತಿನ ಹಲವೆಡೆ ತಿಂಗಳ ಮಳೆಯನ್ನು ಐಸೊಟೋಪ್ ಪರೀಕ್ಷೆಗಾಗಿ ಕೂಡಿಡುತ್ತ ಬಂದಿವೆ. ಪ್ರಯೋಗಾಲಯದವರ ಸಲಹೆಯಂತೆ ನಾವೂ ಪಂಪ್ ಮನೆಯ ಚಾವಣಿಯ ಮೇಲೆ ಮಳೆ ಸಂಗ್ರಾಹಕ ಇಟ್ಟಿದ್ದೇವೆ. ಆವಿ ತಡೆಯಲು ಪ್ಯಾರಾಫಿನ್ ಎಣ್ಣೆ ಹಾಕಬೇಡಿ, ಲೇಸರ್ ಯಂತ್ರಕ್ಕೆ ಅದು ಆಗುವುದಿಲ್ಲ, ತಳಮುಟ್ಟುವ ಕೊಳವೆಯ ಸಂಗ್ರಾಹಕವೇ ಇರಲಿ ಎಂದಿದ್ದರು. ಪಂಪ್ ನೋಡಿಕೊಳ್ಳುವ ಹಿರಿಯರು ಪ್ರತಿ ತಿಂಗಳ ಮೊದಲ ದಿನ ಅದನ್ನು ಇಳಿಸಿ, ಬಾಟಲಿಯ ಬಾಯಿಯವರೆಗೆ ತುಂಬಿ, ಮುಚ್ಚಳದ ಒಳಪದರವನ್ನು ಬೆಳಕಿಗೆ ಹಿಡಿದು ನೋಡಿ ಮುಚ್ಚುತ್ತಾರೆ. ಮೂರು ಬಾಟಲಿಗಳು ಆಗಿವೆ.