ಮೋಟಾರ್‌ಸೈಕಲ್ ಕಲಿಯುವವರಿಗೆ ಎಂಥ ಶೂ? ಹುಬ್ಬಳ್ಳಿ ಪೇಟೆಯಲ್ಲಿ ನೋಡಿ, ಹಾಕಿ, ಆರಿಸಿದ ಬಗೆ

ಅಣ್ಣನ ಮಗಳು ಹುಬ್ಬಳ್ಳಿಯಲ್ಲಿ ಗೇರ್ ಇರುವ ಮೋಟಾರ್‌ಸೈಕಲ್ ಕಲಿಯಲು ತರಬೇತಿಗೆ ಸೇರಿದಾಗ ಅಲ್ಲಿ ಕೊಟ್ಟ ಚೀಟಿಯಲ್ಲಿ ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಇರಬೇಕೆಂದು, ಕೈಗವಸು ಅಂಗೈಗೆ ಸರಿಯಾಗಿ ಕೂಡಬೇಕೆಂದು ವಿವರವಾಗಿ ಬರೆದಿದ್ದರು. ಕಾಲಿನ ವಿಷಯದಲ್ಲಿ ಮಾತ್ರ ‘ಶೂ ಕಡ್ಡಾಯ’ ಎಂದಷ್ಟೇ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಕೂಡ ತಲೆಗೆ ಏನು ಧರಿಸಬೇಕೆಂದು ಹೇಳುತ್ತದೆಯೇ ಹೊರತು ಪಾದದ ಮಾತೆತ್ತುವುದಿಲ್ಲ. ಆದ್ದರಿಂದ ನಾವಿಬ್ಬರೂ ಕೊಪ್ಪಿಕರ ರಸ್ತೆಯ ಶೋರೂಮುಗಳಿಂದ ಹಿಡಿದು ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಕಡೆಯ ಸುರಕ್ಷಾ ಸಾಮಗ್ರಿಗಳ ಅಂಗಡಿಗಳವರೆಗೆ ಓಡಾಡಿ, ಬೇರೆ ಬೇರೆ ಬಗೆಯ ಶೂಗಳನ್ನು ಹಾಕಿ ನೋಡಿ, ಒಂದನ್ನು ಕೊಂಡೆವು. ಅದನ್ನು ಅವಳು ತರಬೇತಿಯುದ್ದಕ್ಕೂ ಧರಿಸಿದ್ದಾಳೆ. ಕಂಪನಿಗಳ ಹೆಸರನ್ನು ಇಲ್ಲಿ ಬೇಕೆಂತಲೇ ಬರೆಯುತ್ತಿಲ್ಲ. ಒಂದೇ ಬಗೆಯ ಶೂ ಹಲವು ಹೆಸರುಗಳಲ್ಲಿ ಸಿಗುತ್ತದೆ, ನಾವು ಮೊದಲು ಆರಿಸಬೇಕಾದದ್ದು ಬಗೆಯನ್ನು.

ಕಲಿಯುವವರ ಕಾಲಿಗೆ ಬೀಳುವ ಕೆಲಸ ನುರಿತವರ ಕಾಲಿನ ಕೆಲಸಕ್ಕಿಂತ ಬೇರೆ. ನುರಿತ ಸವಾರರ ಪಾದ ಬಹುಪಾಲು ಹೊತ್ತು ಫುಟ್‌ರೆಸ್ಟಿನ ಮೇಲಿರುತ್ತದೆ. ಕಲಿಯುವವರದು ಮೊದಮೊದಲು ನೆಲದ ಮೇಲೆಯೇ ಹೆಚ್ಚು. ಎಂಜಿನ್ ಬಂದ್ ಇಟ್ಟು ಕಾಲಿನಿಂದಲೇ ಗಾಡಿಯನ್ನು ಮುಂದೆ ಸರಿಸುವುದು, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಗಾಡಿ ಯಾವ ಹಂತದಲ್ಲಿ ಎಳೆಯಲು ತೊಡಗುತ್ತದೆಂದು ಕಂಡುಕೊಳ್ಳುವುದು, ಎಂಜಿನ್ ಆಫ್ ಆದೊಡನೆ ತಟ್ಟನೆ ಕಾಲೂರುವುದು, ಇವೇ ಮೊದಲ ಪಾಠಗಳು. 100 ಸಿಸಿಯ ಸಾಧಾರಣ ಬೈಕ್ ಕೂಡ ಸುಮಾರು 110 ಕಿಲೋ ತೂಗುತ್ತದೆ, ಅದು ಒಂದು ಮಗ್ಗುಲಿಗೆ ವಾಲಿದಾಗ ಭಾರ ಬಂದು ನಿಲ್ಲುವುದು ಒಂದೇ ಕಾಲ್ಗಿಣ್ಣಿನ ಮೇಲೆ. ಆ ಕಾಲ್ಗಿಣ್ಣು ಹೊರಳದಂತೆ ಹಿಡಿದಿಡುವುದು ಶೂವಿನ ಮೊದಲ ಕೆಲಸ. ಎಡಗಾಲಿನ ಬೆರಳುಗಳಿಗೆ ಗೇರ್ ಲಿವರ್, ಬಲ ಅಂಗಾಲಿಗೆ ಹಿಂಬದಿ ಬ್ರೇಕು ಸ್ಪಷ್ಟವಾಗಿ ತಿಳಿಯುವಂತಿರುವುದು ಎರಡನೆಯದು. ಹಲವು ಬೈಕುಗಳಲ್ಲಿ ಮೊದಲನೇ ಗೇರಿಗೂ ಎರಡನೇ ಗೇರಿಗೂ ನಡುವೆ ಅಡಗಿರುವ ನ್ಯೂಟ್ರಲ್ಲನ್ನು ಹುಡುಕಲು ಲಿವರನ್ನು ಅರ್ಧ ಮಾತ್ರ ಎತ್ತಬೇಕು. ಆ ಅರ್ಧವನ್ನು ಅಳೆಯುವುದು ಕಣ್ಣಲ್ಲ, ಪಾದದ ಮೇಲ್ಭಾಗದ ಚರ್ಮ. ಕಾಲನ್ನು ಬಿಗಿಯಾಗಿ ಕಾಯುವ ಶೂ ಸಾಮಾನ್ಯವಾಗಿ ಈ ಸ್ಪರ್ಶವನ್ನು ಮಂದ ಮಾಡುತ್ತದೆ, ಸ್ಪರ್ಶ ಉಳಿಸುವ ಶೂ ಕಾಲನ್ನು ಕಾಯುವುದಿಲ್ಲ. ಇವೆರಡರ ನಡುವಿನ ಹದ ಎಲ್ಲಿದೆ ಎಂಬುದನ್ನು ನೋಡಿಯೇ ನಾನು ಪ್ರತಿಯೊಂದು ಬಗೆಯನ್ನೂ ತೂಗಿದ್ದೇನೆ.

ಶಾಲೆಯ ಪಿಟಿ ಶೂ, ಓಟದ ಶೂಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇವುಗಳಲ್ಲಿ ಗೇರ್ ಚೆನ್ನಾಗಿ ತಿಳಿಯುತ್ತದೆ, ಆದರೆ ಕಾಲ್ಗಿಣ್ಣು ಪೂರ್ತಿ ಬಯಲಾಗಿರುತ್ತದೆ. ಓಟದ ಶೂವಿನ ಮೇಲ್ಭಾಗದ ಜಾಲರಿ ಬಟ್ಟೆ ಟಾರಿನ ರಸ್ತೆಗೆ ಉಜ್ಜಿದರೆ ತಡೆಯುವುದಿಲ್ಲ, ಬಿಸಿ ಸೈಲೆನ್ಸರಿಗೆ ತಾಗಿದರೆ ಕರಗುತ್ತದೆ. ಅದರ ಮೆತ್ತನೆಯ, ಉಬ್ಬಿದ ಅಟ್ಟೆ ಓಡುವಾಗ ಸುಖವೆನಿಸಿದರೂ ವಾಲುವ ಗಾಡಿಯನ್ನು ಹಿಡಿದು ನಿಂತಾಗ ಅಡ್ಡಡ್ಡ ಒತ್ತಿಕೊಂಡು ಕಾಲನ್ನೇ ಹೊರಳಿಸುತ್ತದೆ. ಚಪ್ಪಲಿ, ಸ್ಯಾಂಡಲ್ಲುಗಳನ್ನು ಈ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಕೈಗಾರಿಕೆಗಳಲ್ಲಿ ಧರಿಸುವ ಸೇಫ್ಟಿ ಶೂ ಬಗ್ಗೆ ಮಾತ್ರ ವಿವರವಾಗಿ ಬರೆಯಬೇಕು. ಏಕೆಂದರೆ ನಮ್ಮ ಊರುಗಳಲ್ಲಿ ಹೊಸದಾಗಿ ಬೈಕ್ ಕಲಿಯುವವರಿಗೆ ಹಿರಿಯರು ಕೊಡುವ ಸಲಹೆ ಬಹುತೇಕ ಇದೇ. ತಾರಿಹಾಳ, ಗೋಕುಲ ರಸ್ತೆಯ ಕಾರ್ಖಾನೆಗಳಿಗೆ ಹೋಗುವವರ ಮನೆಗಳಲ್ಲಿ ಒಂದು ಜೊತೆ ಇದ್ದೇ ಇರುತ್ತದೆ, ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಹೊಸದೂ ಸಿಗುತ್ತದೆ. ಇದಕ್ಕೆ ಐಎಸ್ 15298 ಎಂಬ ಭಾರತೀಯ ಮಾನಕದ ಎರಡನೇ ಭಾಗವಿದೆ. ಅದರ ಪ್ರಕಾರ ಬೆರಳುಗಳ ಮೇಲಿನ ಟೋಪಿ 200 ಜೂಲ್ ಹೊಡೆತವನ್ನು, ಅಂದರೆ ಹೆಚ್ಚುಕಡಿಮೆ 20 ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟನ್ನು, ತಡೆಯಬೇಕು. ಅಟ್ಟೆ ಎಣ್ಣೆಗೆ ಜಾರದು, ಚರ್ಮ ದಪ್ಪ, ಹೊಲಿಗೆ ಗಟ್ಟಿ. ಇಷ್ಟೆಲ್ಲ ಗುಣಗಳಿದ್ದರೂ ಕಲಿಯುವವರಿಗೆ ನಾನು ಇದನ್ನು ಹೇಳಲಾರೆ. ಭಾರ ಬಿದ್ದರೆ ಉಕ್ಕಿನ ಟೋಪಿಯೇ ಮಡಚಿ ಬೆರಳು ಕತ್ತರಿಸುತ್ತದೆ ಎಂಬ ಹೆದರಿಕೆ ಹಲವರಲ್ಲಿದೆ. ಅದಕ್ಕೆ ನಾನು ತೂಕ ಕೊಡುವುದಿಲ್ಲ, ಏಕೆಂದರೆ ಉಕ್ಕನ್ನು ಮಡಚುವಷ್ಟು ಭಾರ ಬರಿಯ ಬೆರಳನ್ನು ಮೊದಲೇ ಉಳಿಸುತ್ತಿರಲಿಲ್ಲ. ನನ್ನ ಆಕ್ಷೇಪ ಗೇರಿಗೆ ಸಂಬಂಧಿಸಿದ್ದು. ಟೋಪಿಯ ಉಬ್ಬು ಗೇರ್ ಲಿವರಿನ ಕೆಳಗೆ ಸಲೀಸಾಗಿ ಹೋಗುವುದಿಲ್ಲ. ಹೋದರೂ ಲಿವರು ಉಕ್ಕಿಗೆ ತಾಗುತ್ತದೆ, ಕಾಲಿಗೆ ತಾಗುವುದಿಲ್ಲ. ಅಂಗಡಿಯ ಹೊರಗೆ ನಿಲ್ಲಿಸಿದ್ದ ನನ್ನ ಗಾಡಿಯ ಮೇಲೆ ಕೂತು ಅವಳು ಹೇಳಿದ್ದೂ ಇದನ್ನೇ: “ಕಾಕಾ, ಗೇರ್ ಬಿತ್ತೋ ಇಲ್ಲೋ ಕಾಲಿಗೆ ಗೊತ್ತಾಗವಲ್ದು.” ಹಿಮ್ಮಡಿಯಿಂದ ಒತ್ತಿ ಗೇರ್ ಬದಲಿಸಬಹುದಾದ ಎರಡು ಕೊಂಬಿನ ಲಿವರು ತರಬೇತಿಯ ಬೈಕಿನಲ್ಲಿದ್ದರೆ ಈ ತೊಂದರೆ ಕಡಿಮೆಯಾಗುತ್ತದೆ, ನಿಜ. ಆದರೆ ನಾಳೆ ಅವಳು ಓಡಿಸುವ ಗಾಡಿಯಲ್ಲಿ ಒಂದೇ ಕೊಂಬಿನ ಲಿವರಿದ್ದರೆ ಪಾಠವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ಸೇಫ್ಟಿ ಶೂ ಕೊಳ್ಳುವವರು ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ಇವುಗಳ ಅಟ್ಟೆ ಹೆಚ್ಚಾಗಿ ಪಾಲಿಯುರೆಥೇನಿನದು, ಅಂಗಡಿಯವರು ‘ಪಿಯು ಸೋಲ್’ ಎನ್ನುತ್ತಾರೆ. ಇದು ಬಳಸದೆ ಇಟ್ಟರೂ ಗಾಳಿಯ ತೇವದಿಂದ ಒಳಗೊಳಗೇ ಶಿಥಿಲವಾಗುತ್ತ, ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗಿ ಉದುರತೊಡಗುತ್ತದೆ. ಆದ್ದರಿಂದ ರಿಯಾಯಿತಿಯಲ್ಲಿ ಸಿಗುವ ಹಳೆಯ ಸ್ಟಾಕು ಅಗ್ಗವೆಂದು ಮೋಹಗೊಳ್ಳದೆ ಶೂವಿನ ಮೇಲೋ ಪೆಟ್ಟಿಗೆಯ ಮೇಲೋ ಮುದ್ರಿಸಿರುವ ತಯಾರಿಕೆಯ ತಿಂಗಳು, ವರ್ಷವನ್ನು ನೋಡಿಯೇ ಹಣ ಕೊಡಬೇಕು. ನಾವು ಹೋದ ಒಂದು ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿದಾಗಲೇ ಅಟ್ಟೆಯ ಅಂಚು ಬಿರುಕು ಬಿಟ್ಟಿತು.

ಮೋಟಾರ್‌ಸೈಕಲ್ಲಿಗೆಂದೇ ತಯಾರಾದ ರೈಡಿಂಗ್ ಬೂಟುಗಳು ರಕ್ಷಣೆಯಲ್ಲಿ ಎಲ್ಲಕ್ಕಿಂತ ಮೇಲು, ಇದರಲ್ಲಿ ಎರಡು ಮಾತಿಲ್ಲ. ಯುರೋಪಿನ ಇಎನ್ 13634 ಮಾನಕದ ಬೂಟಿನ ಒಳಗಿನ ಚೀಟಿಯಲ್ಲಿ ಬೈಕ್ ಸವಾರನ ಚಿಕ್ಕ ಚಿತ್ರವೂ ಅದರ ಜೊತೆಗೆ ಅಂಕಿಗಳೂ ಇರುತ್ತವೆ. ಅವು ಬೂಟಿನ ಎತ್ತರ, ರಸ್ತೆಗೆ ಉಜ್ಜಿದರೆ ತಡೆಯುವ ಶಕ್ತಿ, ಚೂಪಾದುದು ಬಡಿದರೆ ಕತ್ತರಿಸದಿರುವ ಶಕ್ತಿ, ಗಾಡಿ ಪಾದದ ಮೇಲೆ ಬಿದ್ದಾಗ ಅಡ್ಡಲಾಗಿ ಕುಗ್ಗದಿರುವ ಬಿಗಿತ, ಇವುಗಳ ಮಟ್ಟವನ್ನು 1 ಅಥವಾ 2 ಎಂದು ಸೂಚಿಸುತ್ತವೆ. ಕಾರ್ಖಾನೆಯ ಶೂವಿನ ಮಾನಕ ಬೆರಳಿಗೆ ಮಹತ್ವ ಕೊಟ್ಟರೆ ಇದು ಇಡೀ ಪಾದವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ನಾವು ನೋಡಿದ ಬೂಟುಗಳ ಬೆಲೆ ಐದು ಸಾವಿರದಿಂದ ಮೇಲಿತ್ತು, ಅವಳ ಅಳತೆ ಎಲ್ಲಿಯೂ ಇರಲಿಲ್ಲ, ಹೊಸ ಬೂಟಿನ ಬಿಗಿತಕ್ಕೆ ಪಾದ ಮೇಲೆ ಕೆಳಗೆ ಆಡುವುದೇ ಕಷ್ಟವಾಗಿತ್ತು. ಗಂಟೆಗೆ 15 ಕಿಲೋಮೀಟರ್ ಮೀರದ ಮೈದಾನದ ಪಾಠಕ್ಕೆ ಇದು ಇಂದೇ ಬೇಕಾದದ್ದಲ್ಲ. ದಾಂಡೇಲಿಯ ಕಡೆಗೋ ಹೆದ್ದಾರಿಯ ಮೇಲೋ ಹೋಗುವ ದಿನ ಬಂದಾಗ ಹಣ ಉಳಿಸದೆ ಕೊಳ್ಳಬೇಕಾದದ್ದು.

ಕೊನೆಗೆ ನಾವು ಆರಿಸಿದ್ದು ಕಾಲ್ಗಿಣ್ಣನ್ನು ಪೂರ್ತಿ ಮುಚ್ಚುವ, ಉಕ್ಕಿನ ಟೋಪಿ ಇಲ್ಲದ, ಲೇಸ್ ಕಟ್ಟುವ ಚರ್ಮದ ಬೂಟು. ಎನ್‌ಸಿಸಿಯವರೂ ಪೊಲೀಸರೂ ಧರಿಸುವ ಡಿಎಂಎಸ್ (ಡೈರೆಕ್ಟ್ ಮೋಲ್ಡೆಡ್ ಸೋಲ್) ಬೂಟಿನ ಜಾತಿಯದು ಇದು. ರಬ್ಬರಿನ ಅಟ್ಟೆಯನ್ನು ಅಂಟಿಸದೆ ನೇರವಾಗಿ ಚರ್ಮಕ್ಕೇ ಅಚ್ಚು ಹಾಕಿ ಕೂಡಿಸಿರುತ್ತಾರೆ. ಸಮವಸ್ತ್ರದ ಸಾಮಾನು ಮಾರುವ ಅಂಗಡಿಯ ಯಜಮಾನರು ನಮಗೆ ತೋರಿದ ಸಹನೆಯನ್ನು ಇಲ್ಲಿ ನೆನೆಯಲೇಬೇಕು. ಶೋರೂಮುಗಳಲ್ಲಿ ಕನ್ನಡಿಯ ಮುಂದೆ ನಿಲ್ಲಿಸಿ “ಹೆಂಗೈತ್ರಿ?” ಎಂದು ಕೇಳಿದರೆ, ಇವರು “ತಂಗಿ, ಇದನ್ನ ಹಾಕ್ಕೊಂಡು ಅಂಗಡ್ಯಾಗ ಅಡ್ಡಾಡಿದ್ರ ಏನೂ ತಿಳ್ಯಾಂಗಿಲ್ಲ, ಹೊರಗ ಗಾಡಿ ಮ್ಯಾಲ ಕುಂತ ನೋಡು” ಎಂದು ತಾವಾಗಿಯೇ ಹೇಳಿದರು. ಶೂ ಆರಿಸುವ ಸರಿಯಾದ ವಿಧಾನ ಇದೇ. ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಬಂದ್ ಇಟ್ಟು, ಲಿವರಿನ ಕೆಳಗೆ ಬೆರಳು ತೂರಿಸಿ ಮೇಲೆತ್ತಬೇಕು. ಬಲಗಾಲಿನಿಂದ ಬ್ರೇಕ್ ಒತ್ತುವಾಗ ಹಿಮ್ಮಡಿ ಫುಟ್‌ರೆಸ್ಟಿನ ಮೇಲೆಯೇ ಉಳಿಯುತ್ತದೆಯೇ ನೋಡಬೇಕು. ಆಮೇಲೆ ಸ್ಟ್ಯಾಂಡ್ ತೆಗೆದು, ಇನ್ನೊಬ್ಬರು ಹ್ಯಾಂಡಲ್ ಹಿಡಿದಿರುವಾಗ, ಎರಡೂ ಬದಿಗೆ ಸ್ವಲ್ಪ ಸ್ವಲ್ಪ ವಾಲಿಸಿ ಕಾಲ್ಗಿಣ್ಣು ಏನು ಹೇಳುತ್ತದೆಂದು ಕೇಳಬೇಕು. ಪಾದಗಳು ಸಂಜೆಯ ಹೊತ್ತಿಗೆ ತುಸು ಊದಿಕೊಂಡಿರುತ್ತವೆ, ಆದ್ದರಿಂದ ಕೊಳ್ಳಲು ಹೋಗುವುದು ಸಂಜೆಯೇ ಒಳ್ಳೆಯದು; ತರಬೇತಿಗೆ ಹಾಕುವ ದಪ್ಪ ಹತ್ತಿಯ ಕಾಲುಚೀಲವನ್ನೇ ಹಾಕಿಕೊಂಡು ಹೋಗಬೇಕು.

ಅಟ್ಟೆಯ ಗೆರೆಗಳ ಬಗ್ಗೆ ನಮ್ಮ ಭಾಗದವರು ವಿಶೇಷವಾಗಿ ಯೋಚಿಸಬೇಕು. ಆಳವಾದ ಗೆರೆಗಳ ಅಟ್ಟೆ ಹಿಡಿತ ಕೊಡುತ್ತದೆ ಎಂಬ ಮಾತು ಒಣ ನೆಲದಲ್ಲಿ ನಿಜ. ಹುಬ್ಬಳ್ಳಿಯಿಂದ ನವಲಗುಂದ, ಗದಗಿನ ಕಡೆಗೆ ಹರಡಿರುವ ಎರೆಭೂಮಿಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಆ ಕಪ್ಪು ಮಣ್ಣು ಗೆರೆಗಳಲ್ಲೆಲ್ಲ ಮೆತ್ತಿಕೊಂಡು ಅಟ್ಟೆ ಹಲಗೆಯಂತಾಗುತ್ತದೆ, ಫುಟ್‌ರೆಸ್ಟಿನ ಮೇಲೂ ಬ್ರೇಕಿನ ಮೇಲೂ ಜಾರುತ್ತದೆ. ಮೈದಾನದಲ್ಲಿ ಕಲಿಯುವವರಿಗೆ ಆಳವಿಲ್ಲದ, ಅಗಲ ಸಂದುಗಳ ಗೆರೆಯ ಅಟ್ಟೆಯೇ ವಾಸಿ. ಮಣ್ಣು ಮೆತ್ತಿದರೂ ಒಮ್ಮೆ ನೆಲಕ್ಕೆ ಒದರಿದರೆ ಬಿದ್ದುಹೋಗುತ್ತದೆ. ನಾವು ಕೊಂಡ ಬೂಟು ಈ ಪರೀಕ್ಷೆಯಲ್ಲಿ ಗೆದ್ದಿದೆ. ಹತ್ತುವ ಮೊದಲು ಅಟ್ಟೆ ಒರೆಸಿಕೊಳ್ಳುವ ಅಭ್ಯಾಸವನ್ನಂತೂ ಯಾವ ಶೂ ಹಾಕಿದವರೂ ಬಿಡಬಾರದು.

ಗಿಡ್ಡ ಇರುವವರು ನೆಲ ಎಟುಕಲೆಂದು ದಪ್ಪ ಅಟ್ಟೆಯ, ಎತ್ತರದ ಹಿಮ್ಮಡಿಯ ಶೂ ಹುಡುಕುತ್ತಾರೆ. ಅಣ್ಣನ ಮಗಳಿಗೂ ಈ ಆಸೆ ಇತ್ತು. ಎರಡು, ಎರಡೂವರೆ ಸೆಂಟಿಮೀಟರಿನ ಸಮನಾದ ಅಟ್ಟೆ ನೆರವಾಗುತ್ತದೆ, ಅದಕ್ಕಿಂತ ದಪ್ಪವಾದರೆ ಬ್ರೇಕಿನ ಸ್ಪರ್ಶ ಹೋಗುತ್ತದೆ, ಚೂಪು ಹಿಮ್ಮಡಿಯಂತೂ ಫುಟ್‌ರೆಸ್ಟಿಗೆ ಸಿಕ್ಕಿಕೊಳ್ಳುತ್ತದೆ. ಎಟುಕದವರು ತರಬೇತಿಯವರನ್ನು ಕೇಳಿ ಸೀಟು ತಗ್ಗಾಗಿರುವ ಬೈಕ್ ಪಡೆಯುವುದೇ ಸರಿ.

ಕೊಂಡ ಬೂಟಿನಲ್ಲಿ ಕೊರತೆಗಳಿಲ್ಲವೆಂದಲ್ಲ. ಒಳಗಿನ ಮೆತ್ತೆ ತೀರ ತೆಳುವಾಗಿದ್ದರಿಂದ ಬೇರೆಯದನ್ನು ಹಾಕಿಸಬೇಕಾಯಿತು. ಲೇಸು ಅನಗತ್ಯವಾಗಿ ಉದ್ದ. ಸಡಿಲ ಬಿಟ್ಟರೆ ಗೇರ್ ಲಿವರಿಗೆ ಸುತ್ತಿಕೊಂಡು, ಗಾಡಿ ನಿಂತಾಗ ಕಾಲು ಕೆಳಗಿಳಿಯದೆ ಹಾಗೆಯೇ ಮಗುಚುವ ಅಪಾಯವಿದೆ, ಆದ್ದರಿಂದ ಗಂಟನ್ನು ಪಾದದ ಹೊರಮಗ್ಗುಲಿಗೆ ಹಾಕಿ ತುದಿಗಳನ್ನು ಬೂಟಿನೊಳಗೆ ಸೇರಿಸುವುದನ್ನು ಮೊದಲ ದಿನವೇ ಕಲಿಸಿದೆ. ಲಿವರು ಉಜ್ಜಿ ಎಡ ಬೂಟಿನ ಮೇಲ್ಭಾಗ ಬೇಗ ಸವೆಯುತ್ತದೆ. ದುರ್ಗದಬೈಲಿನ ಹತ್ತಿರ ಪಾದರಕ್ಷೆ ಹೊಲಿಯುವವರು ಅದೇ ಬಣ್ಣದ ತೆಳು ಚರ್ಮದ ತುಂಡೊಂದನ್ನು ಅಲ್ಲಿ ಅಚ್ಚುಕಟ್ಟಾಗಿ ಹೊಲಿದುಕೊಟ್ಟರು, ಸ್ಪರ್ಶವೂ ಕೆಟ್ಟಿಲ್ಲ. ಮಳೆಯಲ್ಲಿ ನೆನೆದರೆ ಒಳಗೆ ಹಳೆಯ ಪತ್ರಿಕೆಯ ಉಂಡೆ ತುರುಕಿ ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ.

ಹೊಸ ಚರ್ಮ ಕಾಲಿಗೆ ಒಗ್ಗಲು ದಿನಗಳು ಬೇಕು ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು. ಲರ್ನರ್ ಲೈಸೆನ್ಸ್ ಸಿಕ್ಕ 30 ದಿನಗಳ ನಂತರವೇ ಕಾಯಂ ಲೈಸೆನ್ಸಿನ ಪರೀಕ್ಷೆಗೆ ಹೋಗಲು ಬರುತ್ತದೆ, ಲರ್ನರ್ ಲೈಸೆನ್ಸಿನ ಅವಧಿ 6 ತಿಂಗಳು. ಲರ್ನರ್ ಪಡೆದ ವಾರವೇ ಬೂಟು ಕೊಂಡು ಮನೆಯಲ್ಲಿ, ಓಣಿಯಲ್ಲಿ ಹಾಕಿಕೊಂಡು ಓಡಾಡಿದರೆ, ಆರ್‌ಟಿಒ ಮೈದಾನದಲ್ಲಿ ಕಾಲೂರದೆ ಎಂಟು ಹಾಕಿ ತೋರಿಸಬೇಕಾದ ದಿನಕ್ಕೆ ಅದು ಮೆದುವಾಗಿರುತ್ತದೆ. ಪರೀಕ್ಷೆಯ ದಿನ ಹೊಸ ಶೂ ಹಾಕಿಕೊಂಡು ಹೋಗುವುದು ಬೇಡವೇ ಬೇಡ.

ಅಂಗಡಿಗಳವರಲ್ಲಿ ನನ್ನದೊಂದು ವಿನಂತಿ ಇದೆ. ಹುಬ್ಬಳ್ಳಿ–ಧಾರವಾಡದಲ್ಲಿ ಗೇರ್ ಗಾಡಿ ಕಲಿಯಲು ಮುಂದೆ ಬರುವ ಹುಡುಗಿಯರಿಗೆ 4 ಮತ್ತು 5ರ ಅಳತೆಯ ಬೂಟು ಹುಡುಕುವುದೇ ದೊಡ್ಡ ಕೆಲಸ. “ಸಣ್ಣ ಸೈಜ್ ಹೋಗಂಗಿಲ್ರಿ” ಎಂದು 6ನ್ನು ಎರಡು ಕಾಲುಚೀಲದ ಜೊತೆ ಹಾಕಿಕೊಳ್ಳಲು ಹೇಳಿದವರೂ ಇದ್ದಾರೆ. ಸಡಿಲ ಬೂಟಿನೊಳಗೆ ಹಿಮ್ಮಡಿ ಎದ್ದೆದ್ದು ಬೀಳುವಾಗ ಕಾಲ್ಗಿಣ್ಣಿಗೆ ಯಾವ ಆಸರೆಯೂ ಸಿಗುವುದಿಲ್ಲ. ನಮಗೆ ಬೂಟು ಕೊಟ್ಟ ಯಜಮಾನರು ಅಳತೆ ಬರೆದುಕೊಂಡು, ಮುಂಗಡವನ್ನೂ ಕೇಳದೆ, ಮುಂದಿನ ಲೋಡಿನಲ್ಲಿ 5ನ್ನು ತರಿಸಿಕೊಟ್ಟರು. ಜೊತೆಗೆ 4ರದನ್ನೂ ಒಂದೆರಡು ತರಿಸಿ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ.