ಎಫ್ ಕೀ ಮೇಲೆ ನಾಲ್ಕು ವರ್ಷ: ನನ್ನ ಮೆಕ್ಯಾನಿಕಲ್ ಕೀಬೋರ್ಡ್

ತುಮಕೂರಿನಲ್ಲಿ ನನ್ನದು ಡಿಟಿಪಿ ಅಂಗಡಿ. ಹೆಚ್ಚಿನ ಕೆಲಸ ಲಗ್ನಪತ್ರಿಕೆಗಳದ್ದು. ‘ಶ್ರೀ ಲಕ್ಷ್ಮೀವೆಂಕಟೇಶ್ವರ ಪ್ರಸನ್ನ’ ಎಂಬ ತಲೆಬರಹವೊಂದಕ್ಕೇ, ಕನ್ನಡ ಟೈಪಿಂಗ್‌ನ ‘ನುಡಿ’ ತಂತ್ರಾಂಶದ ಕೀ ವಿನ್ಯಾಸದಲ್ಲಿ ಒತ್ತಕ್ಷರ ಕೊಡುವ ಎಫ್ ಕೀಯನ್ನು ಆರು ಸಲ ಒತ್ತಬೇಕು. ಹಿಂದಿನ ಅಗ್ಗದ ಕೀಬೋರ್ಡ್‌ಗಳಲ್ಲಿ ಮೊದಲು ಕೆಡುತ್ತಿದ್ದುದೇ ಅದು. ಕೀಯಡಿಯ ರಬ್ಬರಿನ ಗುಬುಟನ್ನು ತಳ ಮುಟ್ಟಿಸದೆ ಅಕ್ಷರ ಬೀಳುತ್ತಿರಲಿಲ್ಲ; ಮದುವೆ ಕಾಲದಲ್ಲಿ ಎಡಗೈ ತೋರುಬೆರಳು ರಾತ್ರಿಯಿಡೀ ಸೆಳೆಯುತ್ತಿತ್ತು.

ನಾಲ್ಕು ವರ್ಷದ ಹಿಂದೆ ಬ್ರೌನ್ ಸ್ವಿಚ್‌ನ ಮೆಕ್ಯಾನಿಕಲ್ ಕೀಬೋರ್ಡ್ ಕೊಂಡೆ (ಸ್ವಿಚ್‌ಗಳ ಬಗೆಯನ್ನು ಬಣ್ಣದ ಹೆಸರಿನಿಂದ ಕರೆಯುತ್ತಾರೆ). ಇದರಲ್ಲಿ ಪ್ರತಿ ಕೀಗೂ ಬೇರೆಯೇ ಸ್ವಿಚ್. ಒಂದನ್ನು ಬಿಚ್ಚಿ ನೋಡಿದ್ದೇನೆ: ಪ್ಲಾಸ್ಟಿಕ್ ಕಡ್ಡಿ, ಅದರಡಿ ಸ್ಪ್ರಿಂಗ್, ಪಕ್ಕದಲ್ಲಿ ಎರಡು ತೆಳು ಲೋಹದ ಪಟ್ಟಿ. ಕೀ ಮೇಲಿರುವಾಗ ಕಡ್ಡಿಯ ಚಾಚು ಒಂದು ಪಟ್ಟಿಯನ್ನು ತಳ್ಳಿ ದೂರ ಹಿಡಿದಿರುತ್ತದೆ. ಒತ್ತಿದರೆ ಚಾಚು ಕೆಳಗೆ ಸರಿಯುತ್ತದೆ. ಪಟ್ಟಿ ತಾನಾಗಿ ಮರಳಿ ಇನ್ನೊಂದನ್ನು ಮುಟ್ಟುತ್ತದೆ. ಹಾಗಾಗಿ ಜೋರಾಗಿ ಗುದ್ದಿದರೆ ಲಾಭವೇನೂ ಇಲ್ಲ. ಒಟ್ಟು 4 ಮಿಲಿಮೀಟರ್ ಇಳಿತದಲ್ಲಿ ಸುಮಾರು 2 ಮಿಲಿಮೀಟರ್‌ಗೇ ಅಕ್ಷರ ಬೀಳುತ್ತದೆ. ಬ್ರೌನ್‌ನ ಚಾಚಿನಲ್ಲಿ ಸಣ್ಣ ಉಬ್ಬಿದೆ. ಅದನ್ನು ದಾಟಿದ್ದು ಬೆರಳಿಗೆ ತಿಳಿಯುತ್ತದೆ. ಕೆಂಪು ಸ್ವಿಚ್‌ನಲ್ಲಿ ಈ ಸುಳಿವಿಲ್ಲ, ನೀಲಿಯದು ಟಿಕ್ ಟಿಕ್ ಸದ್ದು. ಗಿರಾಕಿ ಎದುರಿಗೆ ಕುಳಿತು ಹೆಸರು ಬರೆಸುವಾಗ ನನಗೆ ಬ್ರೌನ್ ಸರಿ. ಬೆರಳಿನ ಸೆಳೆತ ಎರಡು ತಿಂಗಳಲ್ಲಿ ನಿಂತಿತು.

ಮೂರನೇ ವರ್ಷ ಆರ್ ಕೀ ಕೈಕೊಟ್ಟಿತು. ಒಮ್ಮೆ ಒತ್ತಿದರೆ ಎರಡು ‘ರ’. ‘ಕರೆಯೋಲೆ’ಯು ‘ಕರರೆಯೋಲೆ’ಯಾಗಿ ಕರಡಿನವರೆಗೂ ಹೋಗಿತ್ತು, ಹುಡುಗಿಯ ತಂದೆ ಹಿಡಿದುಕೊಟ್ಟರು, ಇಲ್ಲದಿದ್ದರೆ ಐನೂರು ಪ್ರತಿ ಹಾಗೇ ಅಚ್ಚಾಗುತ್ತಿತ್ತು. ಲೋಹದ ಪಟ್ಟಿಗಳು ಮುಟ್ಟುವಾಗ ಕ್ಷಣಮಾತ್ರ ಅದುರುವುದು ಸಹಜ, ಕೀಬೋರ್ಡಿನ ಚಿಪ್ ಆ ಕೆಲವು ಮಿಲಿಸೆಕೆಂಡ್‌ಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದೂಳೋ ಕಿಲುಬೋ ಸೇರಿ ಅದುರಾಟ ಉದ್ದವಾದರೆ ಅದನ್ನೂ ಇನ್ನೊಂದು ಒತ್ತೆಂದು ಎಣಿಸುತ್ತದೆ. ರಿಪೇರಿಯವರು ಹೊಸದನ್ನೇ ಕೊಳ್ಳಿ ಎಂದರು. ನನಗೆ ಸಿಟ್ಟು ಬಂತು, ಏಕೆಂದರೆ ಇದು ಬೆಸುಗೆಯಿಲ್ಲದೆ ಸ್ವಿಚ್ ಕೀಳಬಹುದಾದ ಮಾದರಿ. ಚಿಮುಟದಿಂದ ಕಿತ್ತು, ನಾನೆಂದೂ ಮುಟ್ಟದ ಸ್ಕ್ರೋಲ್ ಲಾಕ್‌ನ ಸ್ವಿಚ್ಚನ್ನು ಅಲ್ಲಿ ಕೂರಿಸಿದೆ. ಐದು ನಿಮಿಷದ ಕೆಲಸ. ಕೊಳ್ಳುವವರು ಬಣ್ಣದ ದೀಪ ನೋಡಬೇಡಿ, ಸ್ವಿಚ್ ಕಳಚಲು ಬರುತ್ತದೆಯೇ ಎಂದು ಮೊದಲು ಕೇಳಿ.

ಎಫ್ ಕೀಯ ಮೇಲಿನ ಅಕ್ಷರ ಪೂರ್ತಿ ಸವೆದಿದೆ. ಕೆಳಗಿನ ಸ್ವಿಚ್ ಮಾತ್ರ ಮೊದಲ ದಿನದ್ದೇ.